ಮಾಹಿಮ್‌ನ ಚೆನ್ ಮನೆತನದ ಹೋಟೆಲ್: ಊಟ ಚೆನ್ನ, ಗೋಡೆ ಇನ್ನೂ ಚೆನ್ನ

ಚಿಲ್ಲಿ ಚಿಕನ್, ಮಂಚೂರಿಯನ್, ಟ್ರಿಪಲ್ ಶೆಜ್ವಾನ್ ರೈಸ್ ಇಷ್ಟೇ ಸಾಕು ಅನ್ನುವವರು ಇಲ್ಲಿಗೆ ಬರುವುದೇ ಬೇಡ. ಅದು ಮುಂಬಯಿಯ ಪ್ರತಿ ಸ್ಟೇಷನ್ ಹೊರಗೂ ಸಿಗುತ್ತದೆ, ಇದಕ್ಕಿಂತ ಖಾರವಾಗಿ, ಇದಕ್ಕಿಂತ ಅಗ್ಗವಾಗಿ. ಆದರೆ ಚೀನೀಯರು ತಮ್ಮ ಮನೆಯಲ್ಲಿ ಏನು ಉಣ್ಣುತ್ತಾರೆ ಅನ್ನುವ ಕುತೂಹಲ ಇದ್ದರೆ, ಜೊತೆಗೆ ಗಲ್ಲಾ ಮೇಲೆ ಕೂತ ಆಂಟಿಯ ಮಾತು ಕೇಳುವ ತಾಳ್ಮೆಯೂ ಇದ್ದರೆ, ಖಂಡಿತ ಹೋಗಿ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಳೆದೆ ಅಂತ ಕೊನೆಗೆ ಹೇಳುತ್ತೇನೆ.

ಹೋಟೆಲ್ ಹೆಸರು ಬರೆಯುತ್ತಿಲ್ಲ. ಆಂಟಿಯೇ ಬೇಡ ಅಂದರು. "ಇರೋದು ಎಂಟು ಟೇಬಲ್, ಭಾನುವಾರ ಆಗಲೇ ಜನ ಮೆಟ್ಟಿಲ ಮೇಲೆ ನಿಲ್ತಾರೆ, ನೀನು ಬರೆದು ಇನ್ನೂ ಜಾಸ್ತಿ ಮಾಡಬೇಡ ಬೇಟಾ" ಅಂತ ಅವರ ಕಲ್ಕತ್ತಾ ಹಿಂದಿಯಲ್ಲಿ ಹೇಳಿದರು. ಮಾಹಿಮ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ಎಲ್.ಜೆ. ರೋಡ್ ಕಡೆ ನಡೆದರೆ ಒಂದು ಗಲ್ಲಿಯಲ್ಲಿ ಸಣ್ಣ ಕೆಂಪು ಬೋರ್ಡ್ ಇದೆ. ಹುಡುಕುವವರಿಗೆ ಇಷ್ಟು ಸಾಕು.

ನಾನು ಹೋಗಿದ್ದು ಶೆಟ್ರ ಜೊತೆ. ಶೆಟ್ರದು ದಹಿಸರ್‌ನಲ್ಲಿ ಉಡುಪಿ ಹೋಟೆಲ್. ಎಲ್ಲಿಗೆ ಕರೆದುಕೊಂಡು ಹೋದರೂ ಮೊದಲು ಅಡುಗೆಮನೆ ಬಾಗಿಲ ಕಡೆ ಇಣುಕುವ ಮನುಷ್ಯ. ಮೆನು ನೋಡಿ ಮುಖ ಸಿಂಡರಿಸಿದರು, ಯಾಕೆಂದರೆ ಒಂದೇ ಹಾಳೆ, ಅದರಲ್ಲೂ ಅರ್ಧ ಐಟಂಗಳ ಹೆಸರು ಕೇಳಿಯೇ ಇಲ್ಲ. "ಹಕ್ಕಾ ನೂಡಲ್ಸ್ ಉಂಟಲ್ಲ, ಸಾಕು ಮಾರಾಯ್ರೆ" ಅಂದರು. ಆ ಹಕ್ಕಾ ನೂಡಲ್ಸ್ ಅವರ ಹೋಟೆಲಲ್ಲೂ ಇದೆ, ದೋಸೆ ಪಟ್ಟಿಯ ಕೆಳಗೆ. ಹಕ್ಕಾ ಅಂದರೆ ಒಂದು ಜನ, ದಕ್ಷಿಣ ಚೀನಾದ ಗುಡ್ಡಗಾಡಿನ ಜನ, ಅಂತ ಹೇಳಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಈ ಆಂಟಿ ಅದೇ ಹಕ್ಕಾ. ಗಂಡನ ಮನೆಯವರ ಮೂಲ ಗ್ವಾಂಗ್‌ಡಾಂಗ್ ಪ್ರಾಂತ್ಯದ ಮೇಷಿಯಾನ್. ಅಲ್ಲಿಂದ ಬಂದವರೇ ಕಲ್ಕತ್ತಾದ ಟ್ಯಾಂಗ್ರಾದಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ ಕಟ್ಟಿದ್ದು, ಬೆಂಟಿಂಕ್ ಸ್ಟ್ರೀಟಿನಲ್ಲಿ ಬೂಟಿನ ಅಂಗಡಿ ಇಟ್ಟಿದ್ದು.

ನೂಡಲ್ಸ್ ಬಂತು. ಎಣ್ಣೆ ಕಮ್ಮಿ, ಕ್ಯಾಪ್ಸಿಕಂ ರಾಶಿ ಇಲ್ಲ, ಎಳೆ ಎಳೆಯಾಗಿ ಬಿಡಿ ಬಿಡಿ, ಜೋರು ಉರಿಯಲ್ಲಿ ಹಾರಿಸಿದ ಹೊಗೆಯ ಘಮ. ಶೆಟ್ರು ಮಾತಾಡದೆ ತಿಂದರು. ಅದೇ ಅವರ ಸರ್ಟಿಫಿಕೇಟ್.

ನಿಜವಾದ ಮಜಾ ಇರೋದು ಆಮೇಲೆ ಬಂದ ಎರಡರಲ್ಲಿ. ಒಂದು, ಒಣಗಿಸಿ ಉಪ್ಪಿನಲ್ಲಿಟ್ಟ ಸಾಸಿವೆ ಸೊಪ್ಪಿನ ಜೊತೆ ಗಂಟೆಗಟ್ಟಲೆ ಹಬೆಯಲ್ಲಿ ಬೆಂದ ಹಂದಿಮಾಂಸ. ಕೊಬ್ಬು ಇದೆ, ಬಾಯಲ್ಲಿ ಕರಗುತ್ತದೆ, ಸೊಪ್ಪಿನ ಉಪ್ಪು ಹುಳಿ ಆ ಜಿಡ್ಡನ್ನು ಕತ್ತರಿಸಿ ಹಾಕುತ್ತದೆ. ಬರಿ ಅನ್ನಕ್ಕೆ ಕಲಸಿಕೊಂಡು ತಿನ್ನಬೇಕು, ಫ್ರೈಡ್ ರೈಸ್ ಕೇಳಬೇಡಿ. ಹಂದಿ ತಿನ್ನದಿದ್ದರೆ ಎರಡನೆಯದು ತರಿಸಿ: ತೋಫು ತುಂಡಿನ ಹೊಟ್ಟೆ ಬಗೆದು ಮೀನಿನ ಖೀಮಾ ತುಂಬಿ ಕರಿದು, ಆಮೇಲೆ ಸಾರಿನಲ್ಲಿ ಬೇಯಿಸಿದ್ದು. ಹಕ್ಕಾ ಜನ ಹೋದ ಕಡೆಯೆಲ್ಲ, ಮಲೇಷ್ಯಾದಲ್ಲೂ ಸಿಂಗಾಪುರದಲ್ಲೂ, ಈ ತೋಫು ಹೋಗಿದೆ. ಸೂಪ್ ಮಾತ್ರ ಸಪ್ಪೆ. ಸ್ವೀಟ್ ಕಾರ್ನ್ ಸೂಪ್ ಅಂತೂ ಗಿರಾಕಿಗಳ ಕಾಟಕ್ಕೆ ಇಟ್ಟಿದ್ದಾರೆ ಅನಿಸುತ್ತದೆ.

ಮಂಚೂರಿಯನ್ ಕೂಡ ಹಾಗೇ ಇರಬೇಕು. ಅದು ಹುಟ್ಟಿದ್ದೇ ಈ ಊರಲ್ಲಿ, 1975ರ ಸುಮಾರಿಗೆ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ನೆಲ್ಸನ್ ವಾಂಗ್ ಮಾಡಿದ್ದು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಅವರೂ ಕಲ್ಕತ್ತಾದಿಂದ ಬಂದವರೇ. "ಅವರು ವಾಂಗ್, ನಾವು ಚೆನ್. ಆ ಬಿಲ್ ನಮಗೆ ಹಾಕಬೇಡಿ" ಅಂದರು ಆಂಟಿ.

ಅಲ್ಲಿಂದ ಮಾತು ಗೋಡೆಗೆ ಹೋಯಿತು. ಗಲ್ಲಾ ಹಿಂದೆ ಕಪ್ಪು ಹಲಗೆಯ ಮೇಲೆ ಬಂಗಾರದ ಬಣ್ಣದಲ್ಲಿ ದೊಡ್ಡ ದೊಡ್ಡ ಚೀನೀ ಅಕ್ಷರ. ಲಕ್ಷ್ಮಿ ಫೋಟೋ ಇರೋ ಜಾಗ ಅದು, ಹಾಗಾಗಿ ದೇವರ ಹೆಸರು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರಂತೆ. ಬರೆದಿರುವುದು ಯಿಂಗ್‌ಚುವಾನ್, ಹೆನಾನ್ ಪ್ರಾಂತ್ಯದ ಒಂದು ಹಳೆಯ ಸೀಮೆಯ ಹೆಸರು. ಜಗತ್ತಿನಲ್ಲಿ ಎಲ್ಲೇ ಇರಲಿ, ಚೆನ್ ಮನೆತನದವರು ತಮ್ಮ ಹಿರಿಯರ ನೆಲೆ ಅಂತ ಮನೆ ಬಾಗಿಲಿಗೆ, ಗುಡಿಗೆ, ಗೋರಿಗೆ ಹೆಚ್ಚಾಗಿ ಬರೆಸುವುದು ಇದನ್ನೇ. ಪಕ್ಕದ ಟೇಬಲಿನಲ್ಲಿ ಕೆಲಸದ ಮೇಲೆ ಸಿಂಗಾಪುರದಿಂದ ಬಂದಿದ್ದ ಒಬ್ಬರು ಕೂತಿದ್ದರು. ಅವರ ಕಾರ್ಡಿನಲ್ಲಿ ಇದ್ದದ್ದು ಟಾನ್. ಹಲಗೆ ನೋಡಿದವರೇ ಎದ್ದು ಹೋಗಿ ಆಂಟಿಗೆ ತಲೆಬಾಗಿದರು, ಆಂಟಿ ಅವರಿಗೆ ಮೆನುವಿನಲ್ಲೇ ಇಲ್ಲದ ಒಂದು ತಟ್ಟೆ ಕಳಿಸಿದರು. ನಮಗೆ ಕಳಿಸಲಿಲ್ಲ. ಶೆಟ್ರಿಗೆ ಇದು ಸ್ವಲ್ಪ ಬೇಜಾರಾಯಿತು.

ಚೆನ್ ಮತ್ತು ಟಾನ್ ಒಂದೇ ಹೆಸರು, ಬರೆಯುವ ಅಕ್ಷರವೂ ಒಂದೇ. ಬೀಜಿಂಗ್ ಭಾಷೆಯಲ್ಲಿ ಓದಿದರೆ ಚೆನ್. ಹಾಂಗ್‌ಕಾಂಗಿನ ಕ್ಯಾಂಟನೀಸ್ ಬಾಯಲ್ಲಿ ಚಾನ್. ಫುಜಿಯಾನ್ ಕರಾವಳಿಯ ಹೊಕ್ಕಿಯೆನ್ ಜನರಿಗೆ, ಪಕ್ಕದ ಗ್ವಾಂಗ್‌ಡಾಂಗ್ ಕರಾವಳಿಯ ತಿಯೋಚ್ಯೂ ಜನರಿಗೆ ಟಾನ್. ಮಲೇಷ್ಯಾದ ಸಬಾದಲ್ಲಿ, ಜಮೈಕಾದಲ್ಲಿ ನೆಲೆಸಿದ ಹಕ್ಕಾಗಳಿಗೆ ಚಿನ್. ವಿಯೆಟ್ನಾಮಿನಲ್ಲಿ ಟ್ರಾನ್, ಅಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಟ್ರಾನ್‌ಗಳೇ, 1225ರಿಂದ 1400ರವರೆಗೆ ಆ ದೇಶ ಆಳಿದ್ದೂ ಟ್ರಾನ್ ವಂಶ, ಅವರ ಹಿರಿಯರು ಬಂದಿದ್ದು ಚೀನಾದಿಂದ. ಹಡಗು ಹತ್ತಿದ ಬಂದರು ಯಾವುದು, ಇಳಿದ ಕಡೆ ಹೆಸರು ಬರೆದುಕೊಂಡ ಗುಮಾಸ್ತನ ಕಿವಿ ಎಂಥದು ಅನ್ನುವುದರ ಮೇಲೆ ಸ್ಪೆಲ್ಲಿಂಗ್ ನಿಂತಿದೆ. ಹಾಗಾಗಿ ಒಬ್ಬ ಚೀನೀಯನ ಅಡ್ಡಹೆಸರು ಟಾನ್ ಅಂತ ಕಂಡರೆ ಅವನ ಹಿರಿಯರು ಯಾವ ಕರಾವಳಿಯವರು ಅಂತ ಮುಕ್ಕಾಲು ಪಾಲು ಊಹಿಸಬಹುದು. ಪೂರ್ತಿ ಅಲ್ಲ, ಯಾಕೆಂದರೆ ಟಾನ್ ಅಂತಲೇ ಓದುವ ಬೇರೊಂದು ಅಕ್ಷರದ ಮನೆತನವೂ ಇದೆ.

ಹೆಸರಿನ ಬೇರು ಬಹಳ ಹಳೆಯದು. ಸುಮಾರು ಮೂರು ಸಾವಿರ ವರ್ಷದ ಹಿಂದೆ ಝೌ ವಂಶದ ವೂ ರಾಜ ಶಾಂಗ್ ವಂಶವನ್ನು ಸೋಲಿಸಿದ ಮೇಲೆ, ಪುರಾಣದ ಶುನ್ ಚಕ್ರವರ್ತಿಯ ವಂಶದವನೆಂದು ಗ್ವೇ ಮಾನ್ ಎಂಬುವನಿಗೆ ಒಂದು ಸಣ್ಣ ಸೀಮೆ ಕೊಟ್ಟ, ಮಗಳನ್ನೂ ಕೊಟ್ಟ. ಆ ಸೀಮೆಯೇ ಚೆನ್, ಈಗಿನ ಹೆನಾನ್‌ನ ಹುವಾಯಾಂಗ್ ಹತ್ತಿರ. ಕ್ರಿ.ಪೂ. 5ನೇ ಶತಮಾನದಲ್ಲಿ ಪಕ್ಕದ ದೊಡ್ಡ ರಾಜ್ಯ ಚೂ ಅದನ್ನು ನುಂಗಿಹಾಕಿತು. ರಾಜ್ಯ ಹೋಯಿತು, ಅಲ್ಲಿನ ಜನ ರಾಜ್ಯದ ಹೆಸರನ್ನೇ ಮನೆಯ ಹೆಸರು ಮಾಡಿಕೊಂಡರು. ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಚೆನ್ ವಾನ್ ಕಥೆ. ಕ್ರಿ.ಪೂ. 672ರಲ್ಲಿ ಅರಮನೆಯ ಜಗಳದಿಂದ ತಪ್ಪಿಸಿಕೊಂಡು ಈ ರಾಜಕುಮಾರ ಚೀ ರಾಜ್ಯಕ್ಕೆ ಓಡಿಹೋದ. ಆಶ್ರಯ ಕೇಳಿ ಬಂದವನ ಮೊಮ್ಮಕ್ಕಳು ಮರಿಮಕ್ಕಳು ತಿಯಾನ್ ಅಂತ ಹೆಸರು ಬದಲಿಸಿಕೊಂಡು, ನಿಧಾನಕ್ಕೆ ಬೇರುಬಿಟ್ಟು, ಕೊನೆಗೆ ಆ ಸಿಂಹಾಸನವನ್ನೇ ಹಿಡಿದರು. ಇವತ್ತಿಗೂ ಚೆನ್, ತಿಯಾನ್, ಹೂ ಈ ಮೂರೂ ಮನೆತನದವರು ತಮ್ಮ ಮೂಲ ಒಂದೇ ಅನ್ನುತ್ತಾರೆ.

ಒಂದೇ ಹೆಸರಿನವರು ಮದುವೆಯಾಗಬಾರದು ಅನ್ನುವುದು ಹಳೆಯ ಕಟ್ಟಳೆ. ಇದನ್ನು ಕೇಳಿದ್ದೇ ಶೆಟ್ರು ನೆಟ್ಟಗೆ ಕೂತರು. "ಇದು ನಮ್ಮ ಬಳಿ ಅಲ್ವಾ ಮಾರಾಯ್ರೆ! ಬಳಿ ಒಂದೇ ಆದ್ರೆ ಹುಡುಗ ಹುಡುಗಿ ಅಣ್ಣ ತಂಗಿ ಲೆಕ್ಕ." ಶೆಟ್ರು ಬಂಟರು, ಬಳಿ ಅಂದರೆ ಅವರಲ್ಲಿ ಗೋತ್ರ ಇದ್ದ ಹಾಗೆ. ಬಂಟರ ಬಳಿ ತಾಯಿಯಿಂದ ಬರುತ್ತದೆ, ಇವರ ಹೆಸರು ತಂದೆಯಿಂದ, ಅಷ್ಟೇ ವ್ಯತ್ಯಾಸ. ಆಂಟಿ ಹುಟ್ಟಿದ್ದು ಲಿಯಾಂಗ್ ಮನೆತನದಲ್ಲಿ, ಈಗಲೂ ಅವರು ಲಿಯಾಂಗೇ, ಮದುವೆಯಾದ ಚೀನೀ ಹೆಂಗಸು ಹುಟ್ಟಿದ ಮನೆಯ ಹೆಸರು ಬಿಡುವ ಪದ್ಧತಿ ಇಲ್ಲ. ಶೆಟ್ರಿಗೆ ಇದೂ ಹಿಡಿಸಿತು. ಹತ್ತು ನಿಮಿಷ ಮುಂಚೆ ಒಂದು ತಟ್ಟೆಗೆ ಮುನಿಸಿಕೊಂಡಿದ್ದವರು ಆಂಟಿಗೆ ಕುರ್ಲಾ ಬಂಟರ ಸಂಘದ ಬಗ್ಗೆ ಹೇಳತೊಡಗಿದರು.

ಹೋದ ಊರಲ್ಲೆಲ್ಲ ಸಂಘ ಕಟ್ಟುವುದರಲ್ಲಿ ಚೆನ್‌ಗಳು ಶೆಟ್ರಿಗೇನೂ ಕಮ್ಮಿ ಇಲ್ಲ. ಗ್ವಾಂಗ್‌ಝೌನಲ್ಲಿ 72 ತಾಲ್ಲೂಕುಗಳ ಚೆನ್‌ಗಳು ವಂತಿಗೆ ಹಾಕಿ 1894ರಲ್ಲಿ ಮುಗಿಸಿದ ದೊಡ್ಡ ಭವನ ಈಗ ಮ್ಯೂಸಿಯಂ. ಸಿಂಗಾಪುರದಲ್ಲಿ ಟಾನ್ ಮನೆತನದ ಗುಡಿ 1870ರ ದಶಕದ್ದು. ಅಲ್ಲಿನ ದೇವರು ಚೆನ್ ಯುವಾನ್‌ಗುವಾಂಗ್, ಟ್ಯಾಂಗ್ ರಾಜವಂಶದ ಕಾಲದಲ್ಲಿ ಫುಜಿಯಾನ್‌ನ ಝಾಂಗ್‌ಝೌ ಸೀಮೆಯಲ್ಲಿ ಊರು ಕಟ್ಟಿದ ಸೇನಾಪತಿ. ಸಿಂಗಾಪುರದ್ದೇ ಟಾನ್ ಟಾಕ್ ಸೆಂಗ್ ಆಸ್ಪತ್ರೆ ಶುರುವಾದದ್ದು 1844ರಲ್ಲಿ, ಮಲಾಕ್ಕಾದಿಂದ ಬಂದು ದುಡ್ಡು ಮಾಡಿದ ಒಬ್ಬ ಟಾನ್‌ನ ದಾನದಿಂದ. ಸಿಂಗಾಪುರದ ಚೀನೀಯರಲ್ಲಿ ಟಾನ್, ಹಾಂಗ್‌ಕಾಂಗಿನಲ್ಲಿ ಚಾನ್, ತೈವಾನಿನಲ್ಲಿ ಚೆನ್ ಮೊದಲನೆಯ ಸ್ಥಾನದಲ್ಲಿರುವ ಹೆಸರು. ಚೀನಾದಲ್ಲಿ ಮಾತ್ರ ವಾಂಗ್, ಲೀ, ಝಾಂಗ್, ಲಿಯು ಆದ ಮೇಲೆ ಐದನೆಯದು. ಐದನೆಯದು ಅಂದರೂ 6 ಕೋಟಿ ಜನ, ಒಂದು ಇಡೀ ಕರ್ನಾಟಕ.

ಎಲ್ಲ ಕಡೆ ಹೆಸರು ಉಳಿಸಿಕೊಳ್ಳಲು ಬಿಡಲಿಲ್ಲ. ಇಂಡೋನೇಷ್ಯಾದಲ್ಲಿ 1966ರ ನಂತರ ಚೀನೀಯರು ಅಲ್ಲಿನ ಹೆಸರು ಇಟ್ಟುಕೊಳ್ಳಬೇಕು ಅಂತ ಸರ್ಕಾರದ ಒತ್ತಡ ಬಂತು. ಟಾನ್‌ಗಳು ಏನು ಮಾಡಿದರು ಗೊತ್ತಾ? ಹರ್ತಾಂತೊ, ಸುತಾಂತೊ, ತಾನುಜಯ ಅಂತ ಇಟ್ಟುಕೊಂಡರು. ಹೊಟ್ಟೆಯೊಳಗೆ ಟಾನ್ ಹಾಗೇ ಕೂತಿದೆ. ಥಾಯ್ಲೆಂಡಿನ ಚೀನೀಯರು ಉದ್ದುದ್ದ ಥಾಯ್ ಹೆಸರು ತೆಗೆದುಕೊಂಡರು, ಅಲ್ಲಿ ನೋಡಿದ ಕೂಡಲೇ ಯಾರು ಯಾರೆಂದು ಹೇಳುವುದು ಕಷ್ಟ. ಜಮೈಕಾಕ್ಕೆ 1854ರಿಂದ ಕೂಲಿಗಳಾಗಿ ಹೋಗಲು ಶುರುಮಾಡಿದ ಚೀನೀಯರಲ್ಲಿ ಹಕ್ಕಾಗಳೇ ಜಾಸ್ತಿ. ಅಲ್ಲಿ ಚಿನ್ ಎಷ್ಟು ಮಾಮೂಲಿ ಹೆಸರು ಅಂದರೆ ರೆಗೇ ಸಂಗೀತದ ದೊಡ್ಡ ರೆಕಾರ್ಡ್ ಕಂಪನಿ ವಿಪಿ ರೆಕಾರ್ಡ್ಸ್ ಕಟ್ಟಿದವರು ವಿನ್ಸೆಂಟ್ ಚಿನ್ ಮತ್ತು ಪ್ಯಾಟ್ರಿಶಿಯಾ ಚಿನ್ ದಂಪತಿ.

ನಮ್ಮ ಕಡೆಯ ಕಥೆ ಸ್ವಲ್ಪ ಕಹಿ. 1962ರ ಯುದ್ಧದ ಹೊತ್ತಿಗೆ ಅಸ್ಸಾಂ, ಬಂಗಾಳದ ಕಡೆಯಿಂದ ಸುಮಾರು 3,000 ಚೀನೀ ಮೂಲದವರನ್ನು ಹಿಡಿದು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಇಟ್ಟರು. ಆಂಟಿ ಆ ಮಾತಿಗೆ ಬರಲಿಲ್ಲ, ನಾವೂ ಕೆದಕಲಿಲ್ಲ. ಅವರು ಹೇಳಿದ್ದು 1996ರ ನಂತರದ್ದು. ಸುಪ್ರೀಂ ಕೋರ್ಟು ಚರ್ಮದ ಕಾರ್ಖಾನೆಗಳನ್ನು ಊರ ಹೊರಗೆ ಕಳಿಸಿ ಅಂದ ಮೇಲೆ ಟ್ಯಾಂಗ್ರಾ ಕರಗಿತು, ಇವರು ಮುಂಬಯಿಗೆ ಬಂದರು, ನೆಂಟರು ಕೆನಡಾಕ್ಕೆ ಹೋದರು. ಟೊರಾಂಟೊದಲ್ಲಿ ಈಗ ಹಕ್ಕಾ ಹೋಟೆಲ್ ಅಂದರೆ ನಮ್ಮ ಚಿಲ್ಲಿ ಚಿಕನ್ ಸಿಗುವ ಹೋಟೆಲ್ ಅಂತಲೇ ಅರ್ಥ. ಮುಂಬಯಿಯಲ್ಲೇ ಇನ್ನೂ ನೋಡಬೇಕು ಅಂದರೆ ಮಜಗಾಂವ್‌ನಲ್ಲಿ, ಡಾಕ್‌ಯಾರ್ಡ್ ರೋಡ್ ಸ್ಟೇಷನ್ ಹತ್ತಿರ, 1919ರ ಸೀ ಯಿಪ್ ಚೀನೀ ಗುಡಿ ಇದೆ. ಸಣ್ಣದು, ಹೊರಗಿಂದ ನೋಡಿದರೆ ಮಾಮೂಲಿ ಮನೆ.

ಈಗ ಆ ಕಳೆದ ಸ್ಟಾರ್. ಆರ್ಡರ್ ಕೊಟ್ಟ ಮೇಲೆ ಮುಕ್ಕಾಲು ಗಂಟೆ ಕಾಯಬೇಕು, ಒಳಗೆ ಅಡುಗೆಗೆ ಇರೋದು ಆಂಟಿಯ ಮಗ ಮತ್ತು ಒಬ್ಬ ನೇಪಾಳಿ ಹುಡುಗ ಮಾತ್ರ. ಎ.ಸಿ. ನೀರು ಮೂಲೆಯ ಟೇಬಲ್ ಮೇಲೆ ತೊಟ್ಟಿಕ್ಕುತ್ತದೆ. ಸಸ್ಯಾಹಾರಿಗಳಿಗೆ ಕಷ್ಟ: ಶೆಟ್ರು ಇಣುಕಿ ನೋಡಿದ ಪ್ರಕಾರ ಕಡಾಯಿ ಬೇರೆ ಇಲ್ಲ, ಕರಿಯುವ ಎಣ್ಣೆಯೂ ಬೇರೆ ಇಲ್ಲ. ಕೇಳಿದರೆ ಆಂಟಿ ಮುಚ್ಚಿಡದೆ ಹೇಳುತ್ತಾರೆ, ಅದು ಒಳ್ಳೆಯದೇ, ಆದರೆ ಮೆನುವಿನಲ್ಲಿ "ವೆಜ್" ಅಂತ ಒಂದು ಭಾಗ ಹಾಕಿ ಆಮೇಲೆ ಹೀಗೆ ಮಾಡುವುದು ಸರಿಯಲ್ಲ. ಮನೆಯಲ್ಲಿ ಮಡಿ ಮಾಡುವ ಹಿರಿಯರಿದ್ದರೆ ಅವರನ್ನು ಕರೆದುಕೊಂಡು ಹೋಗಬೇಡಿ.

ಇಬ್ಬರು ಹೊಟ್ಟೆ ಬಿರಿಯ ತಿಂದು ಬಿಲ್ಲು ಒಂದೂವರೆ ಸಾವಿರದ ಒಳಗೇ ಆಯಿತು. ಮಧ್ಯಾಹ್ನ ಮೂರೂವರೆಗೆ ಮುಚ್ಚಿ ಏಳಕ್ಕೆ ತೆಗೆಯುತ್ತಾರೆ, ಮಂಗಳವಾರ ರಜೆ. ಸೊಪ್ಪಿನ ಹಂದಿಮಾಂಸ ಹಿಂದಿನ ದಿನವೇ ಹೇಳಿಟ್ಟರೆ ಮಾತ್ರ ಗ್ಯಾರಂಟಿ. ಗಾಡಿ ತಗೊಂಡು ಹೋಗಬೇಡಿ, ಆ ಗಲ್ಲಿಯಲ್ಲಿ ಸ್ಕೂಟರ್ ನಿಲ್ಲಿಸಲೂ ಜಾಗ ಇಲ್ಲ. ಶೆಟ್ರು ಮುಂದಿನ ವಾರ ಇಡೀ ಮನೆಯವರನ್ನು ಕರೆದುಕೊಂಡು ಹೋಗುತ್ತಾರಂತೆ, ಶುಕ್ರವಾರ ರಾತ್ರಿ, ಆವತ್ತು ನೀವು ಬೇರೆ ಕಡೆ ನೋಡಿಕೊಳ್ಳಿ.