ಎಲ್‌ಎ ಕೌಂಟಿ ಲೈಬ್ರರಿ: ಪುಸ್ತಕ ಓದದವರೂ ಕಾರ್ಡ್ ಮಾಡಿಸಿಕೊಳ್ಳಬಹುದು

ಲಾಸ್ ಏಂಜಲೀಸ್ (ಎಲ್‌ಎ) ಕಡೆ ಹೊಸದಾಗಿ ಬಂದವರಿಗೆ ಮೊದಲು ತಲೆ ಕೆಡುವುದೇ ಇಲ್ಲಿ. ನಗರದ ಲೈಬ್ರರಿ ಬೇರೆ, ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಲೈಬ್ರರಿ ಬೇರೆ, ಪ್ಯಾಸಡೀನಾ, ಲಾಂಗ್ ಬೀಚ್, ಸೆರಿಟೋಸ್‌ಗಳಿಗೆ ಅವರವರದೇ ಬೇರೆ. ಪಕ್ಕಪಕ್ಕದ ರಸ್ತೆಯಲ್ಲೇ ಇದ್ದರೂ ಒಂದಕ್ಕೊಂದು ಸಂಬಂಧ ಇಲ್ಲ. ನಾನು ಜಾಸ್ತಿ ಬಳಸುವುದು ಕೌಂಟಿಯದ್ದು. ಅದರ ಬಗ್ಗೆಯೇ ಈ ವಿಮರ್ಶೆ.

ಈ ಗೊಂದಲಕ್ಕೆ ನೂರು ವರ್ಷದ ಹಿಂದಿನ ಕಾರಣ ಇದೆ. ಆಗ ಕ್ಯಾಲಿಫೋರ್ನಿಯಾದಲ್ಲಿ ಲೈಬ್ರರಿ ಇದ್ದದ್ದು ಪಟ್ಟಣದವರಿಗೆ. ಹೊಲ, ತೋಟ, ಬೆಟ್ಟದ ಕಡೆ ಇದ್ದವರಿಗೆ ಏನೂ ಇರಲಿಲ್ಲ. ರಾಜ್ಯದ ಲೈಬ್ರರಿಯನ್ ಆಗಿದ್ದ ಜೇಮ್ಸ್ ಗಿಲ್ಲಿಸ್ ಇದಕ್ಕೆ ಕೌಂಟಿಯೇ ಸರಿಯಾದ ಘಟಕ ಎಂದು ಹಟ ಹಿಡಿದರು. ಹ್ಯಾರಿಯೆಟ್ ಎಡ್ಡಿ ಎಂಬಾಕೆ ಕೌಂಟಿಯಿಂದ ಕೌಂಟಿಗೆ ಓಡಾಡಿ, ಅಲ್ಲಿನ ಮುಖಂಡರನ್ನು ಕೂರಿಸಿಕೊಂಡು ಒಪ್ಪಿಸಿದರು. 1911ರಲ್ಲಿ ಕಾನೂನು ಬಂತು, 1912ರಲ್ಲಿ ಎಲ್‌ಎ ಕೌಂಟಿ ಲೈಬ್ರರಿ ಶುರುವಾಯಿತು. ಮೊದಲ ಶಾಖೆ ತೆರೆದದ್ದು 1913ರಲ್ಲಿ ವಿಲೋಬ್ರೂಕ್‌ನಲ್ಲಿ, ಅದೂ ಒಬ್ಬ ಮಹಿಳೆಯ ಮನೆಯ ಹಾಲ್‌ನಲ್ಲಿ! ಸ್ವಂತ ಲೈಬ್ರರಿ ಇದ್ದ ಊರುಗಳು ತಮ್ಮದನ್ನು ತಾವೇ ಇಟ್ಟುಕೊಂಡವು. ಮಿಕ್ಕವರೆಲ್ಲ ಕೌಂಟಿಗೆ ಸೇರಿದರು.

ಆ "ಮಿಕ್ಕವರು" ಈಗ ಎಷ್ಟು ಅಂತೀರಿ? ಕೌಂಟಿಯ 88 ಊರುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಜೊತೆಗೆ ಯಾವ ಊರಿಗೂ ಸೇರದ ಪ್ರದೇಶಗಳು. ಮರುಭೂಮಿ ಅಂಚಿನ ಲ್ಯಾಂಕಾಸ್ಟರ್, ಸಮುದ್ರದ ದಡದ ಮ್ಯಾಲಿಬು, ದೋಣಿ ಹತ್ತಿ ಹೋಗಬೇಕಾದ ಕ್ಯಾಟಲೀನಾ ದ್ವೀಪದ ಆವಲಾನ್, ಮತ್ತೆ ನಮ್ಮವರು ಸಾಂಬಾರ್ ಪುಡಿಗೆ ಅಂತ ಹೋಗುವ ಆರ್ಟೀಸಿಯಾ, ಎಲ್ಲ ಕಡೆ ಇದರದ್ದೇ ಶಾಖೆ, ಎಲ್ಲದಕ್ಕೂ ಒಂದೇ ಕಾರ್ಡ್.

ನನಗೆ ಅತಿ ಹೆಚ್ಚು ಇಷ್ಟವಾಗುವುದು ಹೋಲ್ಡ್, ಅಂದರೆ ಪುಸ್ತಕ ಕಾಯ್ದಿರಿಸುವ ವ್ಯವಸ್ಥೆ. ಫೋನಿನಲ್ಲಿ ಪುಸ್ತಕ ಹುಡುಕಿ ಹೋಲ್ಡ್ ಹಾಕಿದರೆ ಆಯಿತು. ಅದು ಕೌಂಟಿಯ ಯಾವ ಮೂಲೆಯಲ್ಲಿದ್ದರೂ ವ್ಯಾನ್ ಹತ್ತಿ ನಿಮ್ಮ ಹತ್ತಿರದ ಶಾಖೆಗೆ ಬರುತ್ತದೆ. ಹೋಲ್ಡ್ ಕಪಾಟಿನಲ್ಲಿ ಸಣ್ಣ ಚೀಟಿ ಸಿಕ್ಕಿಸಿಕೊಂಡು ನಿಂತಿರುತ್ತದೆ, ನೀವೇ ತೆಗೆದುಕೊಂಡು, ಮಷಿನ್ ಮುಂದೆ ಹಿಡಿದು, ನಡೆಯುತ್ತಾ ಇರಬಹುದು. ಒಂದು ಬಡಾವಣೆಯ ಪುಟ್ಟ ಶಾಖೆಗೆ ಹೋದವರಿಗೂ ಇಡೀ ಕೌಂಟಿಯ ಪುಸ್ತಕ ಸಿಗುತ್ತದೆ ಅಂದರೆ ಕಡಿಮೆ ಮಾತಲ್ಲ.

ಪುಸ್ತಕ ಬೇಡದವರಿಗೆ? ಸ್ಟೇಟ್ ಪಾರ್ಕ್ ಪಾಸ್ ಕೇಳಿ. ಕಾರಿನ ಕನ್ನಡಿಗೆ ನೇತುಹಾಕುವ ಒಂದು ಟ್ಯಾಗ್ ಅದು, ಪುಸ್ತಕದ ಹಾಗೆಯೇ ಎರವಲು ಕೊಡುತ್ತಾರೆ. ಅದಿದ್ದರೆ 200ಕ್ಕೂ ಹೆಚ್ಚು ರಾಜ್ಯ ಉದ್ಯಾನಗಳಿಗೆ ಕಾರು ಒಳಗೆ ಬಿಡಲು ದುಡ್ಡು ಕೊಡಬೇಕಿಲ್ಲ. ಬೇಸಿಗೆ ರಜೆಯಲ್ಲಿ ಕೆಲವು ಶಾಖೆಗಳಲ್ಲಿ ಮಕ್ಕಳಿಗೆ ಉಚಿತ ಊಟ. ಬಿಸಿಲು ವಿಪರೀತ ಏರಿದ ದಿನ ಎ.ಸಿ. ಇಲ್ಲದ ಮನೆಯವರು ಬಂದು ಕೂರುವುದೂ ಇಲ್ಲೇ. ಊರಿಂದ ಅಪ್ಪ ಅಮ್ಮ ಬಂದಾಗ, ಕಾರು ಓಡಿಸಲು ಬರದೆ ಮನೆಯಲ್ಲೇ ಗೋಡೆ ನೋಡುತ್ತಾ ಬೇಜಾರಾಗಿ ಕೂರುತ್ತಾರಲ್ವಾ, ಅವರನ್ನು ಬೆಳಿಗ್ಗೆ ಒಂದು ಸಲ ಇಲ್ಲಿ ಬಿಟ್ಟು ನೋಡಿ. ಒಳಗೆ ಹೋಗಲು ಕಾರ್ಡ್ ಬೇಡ. ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಮಕ್ಕಳ ಕಥೆಯ ಹೊತ್ತಿನಲ್ಲಿ ಮಾತ್ರ ಶಾಂತಿ ನಿರೀಕ್ಷಿಸಬೇಡಿ.

ದಂಡದ ವಿಷಯದಲ್ಲಿ ಇವರ ಬಗ್ಗೆ ಗೌರವ ಇದೆ. 2017ರಲ್ಲಿ ದಂಡ ಬಾಕಿ ಇದ್ದ ಮಕ್ಕಳಿಗೆ ಒಂದು ದಾರಿ ಮಾಡಿಕೊಟ್ಟರು: ಲೈಬ್ರರಿಗೆ ಬಂದು ಒಂದು ಗಂಟೆ ಓದಿದರೆ 5 ಡಾಲರ್ ಮಾಫಿ. 2021ರಲ್ಲಿ ತಡವಾದದ್ದಕ್ಕೆ ದಂಡ ಹಾಕುವುದನ್ನೇ ನಿಲ್ಲಿಸಿದರು. ಪುಸ್ತಕ ಕಳೆದರೆ ಮಾತ್ರ ಬೆಲೆ ಕೊಡಬೇಕು, ಅದು ನ್ಯಾಯವೇ.

ಸರಿ, ಕೊರತೆಗಳು. ಹಣ ಬರುವುದು ಮುಖ್ಯವಾಗಿ ಆಸ್ತಿ ತೆರಿಗೆಯಿಂದ, ನಮ್ಮೂರ ಗ್ರಂಥಾಲಯ ಕರದ ಹಾಗೆ. ಹಾಗಾಗಿ ಮೇಲಿನವರು ಲೆಕ್ಕ ಬದಲಿಸಿದರೆ ಇಲ್ಲಿ ಬಾಗಿಲು ಮುಚ್ಚುತ್ತದೆ. 1993ರ ಹೊತ್ತಿಗೆ ರಾಜ್ಯ ಸರ್ಕಾರ ಆ ತೆರಿಗೆಯ ದೊಡ್ಡ ಪಾಲನ್ನು ಶಾಲೆಗಳ ಕಡೆ ತಿರುಗಿಸಿದಾಗ ಕೆಲವು ಶಾಖೆಗಳು ಮುಚ್ಚಿದವು, ಉಳಿದವುಗಳ ಸಮಯ ಕಡಿತವಾಯಿತು. ಈಗಲೂ ಎಲ್ಲ ಶಾಖೆಗಳ ಸಮಯ ಒಂದೇ ಅಲ್ಲ, ಸುಮ್ನೆ ಹೊರಟುಬಿಡಬೇಡಿ, ಮೊದಲು ನೋಡಿಕೊಳ್ಳಿ.

ಇ-ಪುಸ್ತಕಗಳ ಕ್ಯೂ ಇನ್ನೊಂದು ತಲೆನೋವು. ಹೊಸ ಪುಸ್ತಕಕ್ಕೆ ವಾರಗಟ್ಟಲೆ ಕಾಯಬೇಕು. ತಪ್ಪು ಲೈಬ್ರರಿಯದ್ದಲ್ಲ, ದೊಡ್ಡ ಪ್ರಕಾಶಕರು ಲೈಬ್ರರಿಗಳಿಗೆ ಇ-ಪುಸ್ತಕ ಮಾರುವುದಿಲ್ಲ, ಜಾಸ್ತಿ ಬೆಲೆಗೆ ಇಂತಿಷ್ಟು ಕಾಲ ಅಂತ ಬಾಡಿಗೆಗೆ ಕೊಡುತ್ತಾರೆ, ಒಂದು ಲೈಸೆನ್ಸ್‌ಗೆ ಒಂದು ಸಲಕ್ಕೆ ಒಬ್ಬರೇ ಓದುಗರು. 2019ರ ನವೆಂಬರಿನಲ್ಲಿ ಮ್ಯಾಕ್‌ಮಿಲನ್ ಎಂಬ ಪ್ರಕಾಶನ ಸಂಸ್ಥೆ ಹೊಸ ಇ-ಪುಸ್ತಕಕ್ಕೆ ಮೊದಲ ಎಂಟು ವಾರ ಇಡೀ ಲೈಬ್ರರಿ ವ್ಯವಸ್ಥೆಗೆ ಒಂದೇ ಪ್ರತಿ ಎಂದಿತ್ತು. ಎಷ್ಟೋ ಲೈಬ್ರರಿಗಳು ಅವರ ಇ-ಪುಸ್ತಕ ಕೊಳ್ಳುವುದನ್ನೇ ನಿಲ್ಲಿಸಿದ ಮೇಲೆ, 2020ರ ಮಾರ್ಚಿನಲ್ಲಿ ಆ ನಿಯಮ ಹೋಯಿತು. ಕ್ಯೂ ಮಾತ್ರ ಹೋಗಿಲ್ಲ.

ಇದಕ್ಕೊಂದು ಉಪಾಯ ಇದೆ. ಕ್ಯಾಲಿಫೋರ್ನಿಯಾದಲ್ಲಿ ವಾಸ ಇದ್ದರೆ ಕೌಂಟಿಯದ್ದೂ ನಗರದ್ದೂ ಎರಡೂ ಕಾರ್ಡ್ ಉಚಿತವಾಗಿ ಸಿಗುತ್ತವೆ. ಎರಡನ್ನೂ ಲಿಬ್ಬಿ ಎಂಬ, ಲೈಬ್ರರಿಯ ಇ-ಪುಸ್ತಕ ಓದುವ ಆ್ಯಪ್‌ಗೆ ಸೇರಿಸಿ, ಎರಡು ಕಡೆಯೂ ಹೋಲ್ಡ್ ಹಾಕಿ. ಯಾವುದು ಮೊದಲು ಬಂತೋ ಅದನ್ನು ಓದಿ, ಇನ್ನೊಂದನ್ನು ರದ್ದು ಮಾಡಿ, ಹಿಂದೆ ಇನ್ಯಾರೋ ಕಾಯುತ್ತಿರುತ್ತಾರೆ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ.