ಶ್ರಮವಾರದ ಗೋಡೆಪಟ: ಐದು ವಾರ ಬಳಸಿದ ಮೇಲಿನ ಅಭಿಪ್ರಾಯ

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲದ ಆರಂಭದಲ್ಲಿ ಬೀದರ್‌ನ ಕ್ರೈಸ್ತ ಪುಸ್ತಕದಂಗಡಿಯೊಂದರಲ್ಲಿ 120 ರೂಪಾಯಿ ಕೊಟ್ಟು ಶ್ರಮವಾರದ, ಅಂದರೆ ಯೇಸುವಿನ ಕೊನೆಯ ವಾರದ, ಘಟನೆಗಳ ಗೋಡೆಪಟವೊಂದನ್ನು ಕೊಂಡಿದ್ದೆ. ಬುಧವಾರ ಸಂಜೆಯ ನಮ್ಮ ಮನೆಪ್ರಾರ್ಥನೆಯಲ್ಲಿ ಐದು ವಾರ ಅದನ್ನು ಮುಂದಿಟ್ಟುಕೊಂಡು ಓದಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮುದ್ರಣಕ್ಕೆ ಹೆಸರಿಡುವಂತಿಲ್ಲ. ನಮ್ಮ ಅವ್ವ ಕನ್ನಡಕವಿಲ್ಲದೆ ಓದುವಷ್ಟು ಅಕ್ಷರಗಳು ದಪ್ಪವಾಗಿವೆ. ಶುಭ ಶುಕ್ರವಾರದ ಸಾಲಿನಲ್ಲಿ, ಯೇಸುವಿನ ಜೀವನವನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಮಾರ್ಕನ ಸುವಾರ್ತೆಯಂತೆ, ಬೆಳಿಗ್ಗೆ ಒಂಬತ್ತಕ್ಕೆ ಯೇಸುವನ್ನು ಶಿಲುಬೆಗೆ ಹಾಕಿದ್ದನ್ನು ತೋರಿಸಿ, ಹನ್ನೆರಡರಿಂದ ಮೂರರವರೆಗೆ ಕವಿದ ಕತ್ತಲೆಗೆ ಕಪ್ಪು ಪಟ್ಟಿಯನ್ನು ಎಳೆದಿದ್ದಾರೆ. ಏಪ್ರಿಲ್‌ನ ಉರಿಬಿಸಿಲಿನಲ್ಲಿ ಅದೇ ಮೂರು ತಾಸು ದೇವಾಲಯದಲ್ಲಿ ಕುಳಿತು ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳನ್ನು ಧ್ಯಾನಿಸುವ ನಮಗೆ ಆ ಪಟ್ಟಿ ಕಂಡೊಡನೆ ಅರ್ಥವಾಗುತ್ತದೆ. ಯೇಸುವನ್ನು ಸಮಾಧಿ ಮಾಡಿದ ಶುಕ್ರವಾರ ಸಂಜೆಯಿಂದ ಆತ ಎದ್ದು ಬಂದ ಭಾನುವಾರ ಬೆಳಗಿನವರೆಗೆ ಮೂರು ದಿನ ಹೇಗಾಯಿತು ಎಂದು ಹುಡುಗಿಯೊಬ್ಬಳು ಕೇಳಿದಾಗಲೂ ಪಟ ಕೈಬಿಡಲಿಲ್ಲ: ಯೆಹೂದ್ಯರಿಗೆ ದಿನ ಸೂರ್ಯಾಸ್ತಕ್ಕೆ ಶುರುವಾಗುತ್ತದೆ, ದಿನದ ಒಂದು ಭಾಗವನ್ನೂ ಅವರು ದಿನವೆಂದೇ ಎಣಿಸುತ್ತಿದ್ದರು ಎಂಬ ವಿವರಣೆ ಕೆಳಗೇ ಇದೆ.

ನನ್ನ ತಕರಾರು ಯೋಹಾನನ ಸುವಾರ್ತೆಯ ವಿಷಯದಲ್ಲಿ. ಅಲ್ಲಿ ರೋಮಿನ ಅಧಿಪತಿ ಪಿಲಾತನು ಯೇಸುವನ್ನು ಜನರ ಮುಂದೆ ನಿಲ್ಲಿಸಿದ್ದು ಪಸ್ಕ ಎಂಬ ಯೆಹೂದ್ಯರ ಹಬ್ಬದ ಸೌರಣೆಯ, ಅಂದರೆ ತಯಾರಿಯ, ದಿನ, ಸುಮಾರು ಆರನೆಯ ತಾಸಿನಲ್ಲಿ. ಸೂರ್ಯೋದಯದಿಂದ ಎಣಿಸಿದರೆ ಅದು ನಡುಮಧ್ಯಾಹ್ನ. ಪಟದಲ್ಲಿ ಮಾತ್ರ ಈ ಘಟನೆ ಬೆಳಗಿನ ಆರಕ್ಕೆ ಇದೆ. ಮಧ್ಯರಾತ್ರಿಯಿಂದ ತಾಸುಗಳನ್ನು ಎಣಿಸಿ ಮಾರ್ಕನಿಗೂ ಯೋಹಾನನಿಗೂ ಹೊಂದಾಣಿಕೆ ತರುವ ವ್ಯಾಖ್ಯಾನವೊಂದಿದೆ ನಿಜ. ಆದರೆ ಅದು ವ್ಯಾಖ್ಯಾನವೆಂದು ತಿಳಿಸದೆ ಅಚ್ಚು ಹಾಕಿದರೆ ಓದುವವರು ಅದನ್ನೇ ವೇದವಾಕ್ಯವೆಂದು ನಂಬುತ್ತಾರೆ.

ಇದು ಗಡಿಯಾರದ ಜಗಳವಲ್ಲ. ಮತ್ತಾಯ, ಮಾರ್ಕ, ಲೂಕರಲ್ಲಿ ಯೇಸು ಪಸ್ಕದ ಊಟವನ್ನು ಶಿಷ್ಯರೊಂದಿಗೆ ಮುಗಿಸಿ ಮರುದಿನ ಸಾಯುತ್ತಾನೆ. ರೊಟ್ಟಿಯನ್ನೂ ಪಾತ್ರೆಯನ್ನೂ ಹಿಡಿದು ತನ್ನ ಮರಣದ ಅರ್ಥವನ್ನು ತಾನೇ ಹೇಳುತ್ತಾನೆ. ಯೋಹಾನನಲ್ಲಾದರೋ ಪಸ್ಕದ ಊಟ ಇನ್ನೂ ಆಗಿಲ್ಲ. ಯೆರೂಸಲೇಮಿನ ದೇವಾಲಯದಲ್ಲಿ ಪಸ್ಕದ ಕುರಿಮರಿಗಳನ್ನು ಕೊಯ್ಯುವ ಆ ಮಧ್ಯಾಹ್ನದಲ್ಲೇ ಯೇಸು ಪ್ರಾಣ ಬಿಡುತ್ತಾನೆ. ಸೈನಿಕರು ಆತನ ಕಾಲುಗಳನ್ನು ಮುರಿಯಲಿಲ್ಲ ಎಂದು ಯೋಹಾನನು ಎತ್ತಿ ಹೇಳುವುದು, ಪಸ್ಕದ ಕುರಿಯ ಎಲುಬನ್ನು ಮುರಿಯಬಾರದೆಂಬ ವಿಮೋಚನಕಾಂಡದ ಕಟ್ಟಳೆಯನ್ನು ನೆನಪಿಸುತ್ತದೆ. ಇದೇ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಸ್ನಾನಿಕನಾದ ಯೋಹಾನನು (ಸುವಾರ್ತೆಯ ಯೋಹಾನನಲ್ಲ, ಜನರಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದವನು) ಯೇಸುವನ್ನು ‘ದೇವರ ಕುರಿಮರಿ’ ಎಂದು ಬೆರಳು ಮಾಡಿ ತೋರಿಸಿದ್ದು ಇಲ್ಲಿ ಕೈಗೂಡುತ್ತದೆ. ಸಮಯವನ್ನು ಆರಕ್ಕೆ ಸರಿಸಿದಾಗ ಈ ಅರ್ಥವೇ ಓದುಗರ ಕೈತಪ್ಪುತ್ತದೆ ಎಂಬುದು ನನ್ನ ಸಂಕಟ.

ಯೇಸು ಸತ್ತ ವರ್ಷದ ವಿಷಯದಲ್ಲೂ ಪಟ 33ನೇ ಇಸವಿಯ ಏಪ್ರಿಲ್ 3 ಎಂದು ಒಂದನ್ನೇ ಕೊಟ್ಟಿದೆ. 30ನೇ ಇಸವಿಯ ಏಪ್ರಿಲ್ 7ನ್ನು ಒಪ್ಪುವ ವಿದ್ವಾಂಸರೂ ಬಹಳ ಮಂದಿ ಇದ್ದಾರೆ. ಎರಡೂ ಪಿಲಾತನ ಅಧಿಕಾರದ ಅವಧಿಯೊಳಗೇ ಬರುತ್ತವೆ.

ಆದರೂ ಮಕ್ಕಳಿಗೂ ಹಿರಿಯರಿಗೂ ಒಟ್ಟಿಗೆ ಕಲಿಸಲು ಪಟ ಉಪಯುಕ್ತವಾಗಿರುವುದರಿಂದ ಕೊಳ್ಳಿರೆಂದೇ ಹೇಳುತ್ತೇನೆ. ಬೆಳಗಿನ ಆರು ಎಂದಿರುವಲ್ಲಿ ನಾನು ಬಿಳಿ ಚೀಟಿ ಅಂಟಿಸಿ, ‘ಯೋಹಾನ 19:14, ಸುಮಾರು ಮಧ್ಯಾಹ್ನ’ ಎಂದು ಬರೆದಿದ್ದೇನೆ.