ಕೊಡಗಿನ ಪ್ರವಾಸ, ತೂಕ ಇಳಿಸುವ ಪಥ್ಯ: ಹೋಂಸ್ಟೇ ಊಟವೇ, ಸ್ವಂತ ಅಡುಗೆಯೇ?

ಕಷ್ಟಪಟ್ಟು ತೂಕ ಇಳಿಸಿಕೊಂಡು ಈಗ ಮಡಿಕೇರಿಗೆ ಹೊರಟಿದ್ದೀರಿ. ಹೋಂಸ್ಟೇ ಊಟಕ್ಕೆ ಒಪ್ಪುವುದೋ, ಅಡುಗೆಮನೆಯಿರುವ ಕೊಠಡಿ ಹಿಡಿಯುವುದೋ ಎಂಬ ನಿಮ್ಮ ಚಿಂತೆ ನ್ಯಾಯವಾದದ್ದೇ.

ಹಿಡಿತ ಬೇಕೆಂದರೆ ಸ್ವಂತ ಅಡುಗೆಯೇ ಮೇಲು. ಲೆಕ್ಕ ತಪ್ಪುವುದು ಹೆಚ್ಚಾಗಿ ಎಣ್ಣೆಯಲ್ಲಿ: ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಅಷ್ಟೇ ಪಿಷ್ಟದಲ್ಲಿ 4. ಒಗ್ಗರಣೆಯ ಸೌಟು ನಿಮ್ಮ ಕೈಯಲ್ಲಿದ್ದರೆ ಅರ್ಧ ಗೆದ್ದಂತೆ.

ಹಾಗೆಂದು ಹೋಂಸ್ಟೇ ಊಟಕ್ಕೆ ಹೆದರಬೇಕಿಲ್ಲ. ಕಡಂಬುಟ್ಟು ಅಕ್ಕಿತರಿಯ ಉಂಡೆ, ಆವಿಯಲ್ಲಿ ಬೇಯುವಂಥದ್ದು. ತೊಂದರೆ ಇರುವುದು ಎಣಿಕೆಯಲ್ಲಿ. ಬಿಸಿ ಉಂಡೆ ಮುರಿದು, ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿ ಹಾಕಿದ ಹಂದಿ ಸಾರಿನಲ್ಲಿ ಅದ್ದಿದ ಮೇಲೆ, ಮನೆಯ ಆಂಟಿ ‘ಇನ್ನೆರಡು ಹಾಕಿಸಿಕೊಳ್ಳಿ’ ಎಂದರೆ ಬೇಡವೆನ್ನುವುದು ಸುಲಭವಲ್ಲ. ಎಷ್ಟು ಬೇಕೆಂದು ಬಡಿಸುವ ಮೊದಲೇ ಹೇಳಿಬಿಡಿ. ಪಲ್ಯ, ಬೇಯಿಸಿದ ಮೊಟ್ಟೆ ಬೇಕೆಂದು ಕೊಠಡಿ ಕಾದಿರಿಸುವಾಗಲೇ ತಿಳಿಸಿ.

ಖರ್ಚು ತಲೆ ಎಣಿಕೆಯ ಮೇಲೆ ನಿಂತಿದೆ. ನಾಲ್ಕೈದು ಜನರಿದ್ದರೆ ಅಡುಗೆಯೇ ಅಗ್ಗ. ಆದರೆ ರಜೆಯಲ್ಲೂ ಒಬ್ಬರೇ ಪಾತ್ರೆ ತೊಳೆಯುತ್ತಾ ನಿಲ್ಲುವುದಾದರೆ ಆ ಉಳಿತಾಯ ನನಗೆ ಬೇಡ.

ಇಬ್ಬರು, ಎರಡು ದಿನ ಎಂದರೆ ಹೋಂಸ್ಟೇ ಸಾಕು. ವಾರವಿಡೀ ಇರುವವರಿಗೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಾದ ಮಧುಮೇಹಿಗಳಿಗೆ ಅಡುಗೆಮನೆ ಅನುಕೂಲ. ಎಲ್ಲಿ ಉಳಿದರೂ ತಡಿಯಂಡಮೋಳ್ ಬೆಟ್ಟ ಹತ್ತುವ ದಿನ ಮಾತ್ರ ಬೆಳಗಿನ ತಿಂಡಿ ಬಿಡಬೇಡಿ.